ಎರರ್ ನಾಣ್ಯ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎಂಟಿಸಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲೋ, ಅಜ್ಜಿಯ ಹಳೇ ಡಬ್ಬಿಯಲ್ಲೋ ಒಂದು ವಿಚಿತ್ರ ನಾಣ್ಯ ಸಿಗುತ್ತದೆ. ಅಂಚು ತುಂಡಾಗಿದೆ, ಅಂಕಿ ಪಕ್ಕಕ್ಕೆ ಜಾರಿದೆ, ಅಕ್ಷರದ ಮೇಲೆ ಗೆರೆ ಎದ್ದಿದೆ. ಇದು ಟಂಕಸಾಲೆಯಲ್ಲೇ ಆದ ತಪ್ಪೋ, ಆಮೇಲೆ ಯಾರದೋ ಕೈಯಲ್ಲಿ ಆದ ಹಾನಿಯೋ? ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಹೊಸಬರು ಮತ್ತೆ ಮತ್ತೆ ಕೇಳುವುದು ಇದನ್ನೇ. ಉತ್ತರ ಹುಡುಕುವ ದಾರಿ ಒಂದೇ. ಈ ಗುರುತನ್ನು ಟಂಕಸಾಲೆಯ ಯಾವ ಯಂತ್ರ, ಯಾವ ಹಂತದಲ್ಲಿ ಮಾಡಿರಬಹುದು ಎಂದು ಕೇಳಿಕೊಳ್ಳಿ. ಯಾವ ಹಂತಕ್ಕೂ ಹೊಂದದಿದ್ದರೆ ಅದು ಎರರ್ ಅಲ್ಲ.

ಹಾಗಾದರೆ ಮೊದಲು ಹೇಳಿ, ನಾಣ್ಯ ತಯಾರಾಗುವುದು ಹೇಗೆ?

ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ.

ಲೋಹವನ್ನು ಉದ್ದನೆಯ ಪಟ್ಟಿಯಾಗಿ ಲಟ್ಟಿಸುತ್ತಾರೆ. ಆ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಯಂತ್ರ ಕತ್ತರಿಸುತ್ತದೆ. ಲಟ್ಟಿಸಿದ ಹಿಟ್ಟಿನ ಹಾಳೆಯಿಂದ ಡಬ್ಬಿಯ ಮುಚ್ಚಳದಲ್ಲಿ ನಿಪ್ಪಟ್ಟು ಕತ್ತರಿಸುತ್ತೇವಲ್ಲ, ಹಾಗೇ. ಆಮೇಲೆ ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತಾರೆ, ತೊಳೆಯುತ್ತಾರೆ. ಇನ್ನೊಂದು ಯಂತ್ರ ಬಿಲ್ಲೆಯನ್ನು ಬಿಗಿಯಾಗಿ ಹಿಡಿದು ಉರುಳಿಸಿ, ಸುತ್ತಲೂ ಸಣ್ಣ ಅಂಚು ಎಬ್ಬಿಸುತ್ತದೆ. ಕೊನೆಗೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಕೆಳಗೊಂದು ಡೈ, ಮೇಲೊಂದು ಡೈ. ಎರಡೂ ಗಟ್ಟಿ ಉಕ್ಕಿನವು. ನಾಣ್ಯದ ಮೇಲೆ ಉಬ್ಬಿರಬೇಕಾದ ಅಕ್ಷರ, ಅಂಕಿ, ಸಿಂಹ ಎಲ್ಲ ಡೈನಲ್ಲಿ ತಗ್ಗಾಗಿ, ತಿರುವುಮುರುವಾಗಿ ಕೊರೆದಿರುತ್ತವೆ. ಬಿಲ್ಲೆಯ ಸುತ್ತ ಕಾಲರ್ ಅನ್ನುವ ಉಕ್ಕಿನ ಉಂಗುರ ಇರುತ್ತದೆ. ಒತ್ತಡ ಬಿದ್ದಾಗ ಲೋಹ ಆಚೆ ಹರಡದ ಹಾಗೆ ತಡೆಯುವುದು, ಅಂಚಿನ ಗೆರೆಗಳನ್ನು ಮೂಡಿಸುವುದು ಈ ಕಾಲರ್. ಇದೆಲ್ಲ ನಿಮಿಷಕ್ಕೆ ನೂರಾರು ನಾಣ್ಯದ ವೇಗದಲ್ಲಿ ನಡೆಯುತ್ತದೆ.

ಅಂದರೆ ತಪ್ಪು ಆಗಬಹುದಾದ ಜಾಗ ಮೂರು. ಬಿಲ್ಲೆಯಲ್ಲಿ, ಡೈನಲ್ಲಿ, ಒತ್ತುವ ಕ್ಷಣದಲ್ಲಿ. ಡೈನಲ್ಲಿ ದೋಷ ಇದ್ದರೆ ಆ ಡೈ ಒತ್ತಿದ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಗುರುತು ಬರುತ್ತದೆ. ಬಿಲ್ಲೆಯ ಅಥವಾ ಒತ್ತುವಾಗಿನ ತಪ್ಪು ಆದರೆ ಸಾಮಾನ್ಯವಾಗಿ ಆ ನಾಣ್ಯ ಒಂಟಿ, ಅದರ ತದ್ರೂಪು ಇನ್ನೊಂದು ಇರುವುದಿಲ್ಲ.

ನನ್ನ ಒಂದು ರೂಪಾಯಿ ಮೇಲೆ ಒಂದು ಗೆರೆ ಇದೆ. ಡೈ ಕ್ರ್ಯಾಕೋ, ಬರೀ ಗೀರೋ?

ಗೆರೆ ಉಬ್ಬಿದೆಯೋ ತಗ್ಗಿದೆಯೋ ನೋಡಿ. ಎಲ್ಲ ಇರುವುದು ಅದರಲ್ಲೇ.

ಡೈ ಬಿರುಕು ಬಿಟ್ಟರೆ, ಒತ್ತುವಾಗ ನಾಣ್ಯದ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಅದು ಎದ್ದ ಗೆರೆಯಾಗಿ ಕಾಣುತ್ತದೆ. ಗೀರು ಯಾವಾಗಲೂ ತಗ್ಗು. ಬರಿಗಣ್ಣಿಗೆ ಇದು ಮೋಸ ಮಾಡುತ್ತದೆ. ನಾಣ್ಯವನ್ನು ಕಿಟಕಿಯ ಹತ್ತಿರ ಇಟ್ಟು, ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುವ ಹಾಗೆ ಮಾಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿ. ಪಕ್ಕದ ಅಕ್ಷರ ಖಂಡಿತ ಉಬ್ಬಿದ್ದೇ ಅಲ್ವಾ? ಅದರ ಯಾವ ಬದಿ ಹೊಳೆಯುತ್ತಿದೆ, ಯಾವ ಬದಿಗೆ ನೆರಳು ಇದೆ ಎಂದು ಗಮನಿಸಿ. ಗೆರೆಯಲ್ಲೂ ಬೆಳಕು, ನೆರಳು ಅದೇ ಕ್ರಮದಲ್ಲಿದ್ದರೆ ಗೆರೆ ಉಬ್ಬಿದೆ. ಉಲ್ಟಾ ಇದ್ದರೆ ತಗ್ಗು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ನಿಜವಾದ ಡೈ ಕ್ರ್ಯಾಕ್ ಸಾಮಾನ್ಯವಾಗಿ ಅಂಚಿನಿಂದ ಶುರುವಾಗುತ್ತದೆ. ಸ್ವಲ್ಪ ಸೊಟ್ಟಗೆ, ಸಣ್ಣ ಸಣ್ಣ ತಿರುವು ತೆಗೆದುಕೊಂಡು ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕೆ ದಾಟುತ್ತದೆ. ಹೋಗ್ತಾ ಹೋಗ್ತಾ ತೆಳ್ಳಗಾಗಿ ಮಾಯವಾಗುತ್ತದೆ. ಗೀರು ಹಾಗಲ್ಲ. ಅದು ನೇರ ಓಡುತ್ತದೆ, ಎತ್ತರದ ಜಾಗದಲ್ಲಿ ಮಾತ್ರ ತಗುಲಿ ತಗ್ಗಿನಲ್ಲಿ ಬಿಟ್ಟುಹೋಗುತ್ತದೆ, ಅದರ ಎರಡೂ ದಡದಲ್ಲಿ ಕೆದರಿದ ಲೋಹ ಮಿಣ್ಣಗೆ ಎದ್ದಿರುತ್ತದೆ. ಈ ಎದ್ದ ದಡವನ್ನೇ ನೋಡಿ "ಉಬ್ಬಿದ ಗೆರೆ" ಅಂದುಕೊಳ್ಳುವವರು ಜಾಸ್ತಿ.

ಖಾಲಿ ಜಾಗದಲ್ಲಿ ಮಾತ್ರ ತುಂಬಾ ಸಣ್ಣ ಸಣ್ಣ ಗೆರೆಗಳು ಒತ್ತೊತ್ತಾಗಿ ಇವೆ. ಇದು?

ಡೈಯನ್ನು ಉಜ್ಜಿ ಪಾಲಿಶ್ ಮಾಡಿದ ಗುರುತು. ಡೈನಲ್ಲಿ ಅಕ್ಷರಗಳು ತಗ್ಗಿನಲ್ಲಿ ಇರುತ್ತವೆ, ಆದ್ದರಿಂದ ಪಾಲಿಶ್ ಅವಕ್ಕೆ ತಾಗುವುದಿಲ್ಲ. ಸಮತಟ್ಟು ಜಾಗಕ್ಕೆ ಮಾತ್ರ ತಾಗುತ್ತದೆ. ಹಾಗಾಗಿ ಈ ಗೆರೆಗಳು ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತವೆ, ಮೇಲೆ ಹತ್ತುವುದಿಲ್ಲ. ನೋಡಲು ಚೆಂದ, ಬೆಲೆ ಮಾತ್ರ ಇಲ್ಲ.

ಕಡ್ ಅಂತ ಎಲ್ಲರೂ ಹೇಳುತ್ತಾರೆ. ಏನದು?

ಡೈನ ಅಂಚಿನ ಒಂದು ತುಂಡೇ ಮುರಿದು ಬಿದ್ದರೆ ಅಲ್ಲಿ ಗುಂಡಿ ಆಗುತ್ತದೆ. ನಾಣ್ಯದಲ್ಲಿ ಆ ಜಾಗಕ್ಕೆ ಅಕ್ಷರವೂ ಇಲ್ಲ, ಅಂಚೂ ಇಲ್ಲ. ಬರೀ ನುಣುಪಾದ, ಆಕಾರವಿಲ್ಲದ ಉಬ್ಬು, ಅಂಚಿಗೆ ಅಂಟಿಕೊಂಡೇ ಇರುತ್ತದೆ. ಇದೇ ಕಡ್. ಪರೀಕ್ಷೆ ಮಾಡುವುದು ಸುಲಭ: ನಾಣ್ಯ ಮಗುಚಿ ಸರಿಯಾಗಿ ಅದೇ ಜಾಗದ ಬೆನ್ನು ನೋಡಿ. ಲೋಹ ಗುಂಡಿಯ ಕಡೆಗೆ ನುಗ್ಗಿರುವುದರಿಂದ ಬೆನ್ನಿನ ಬದಿಯ ಅಕ್ಷರ ಪೂರ್ತಿ ತುಂಬಿರುವುದಿಲ್ಲ, ಮಸುಕಾಗಿರುತ್ತದೆ. ಬೆನ್ನಿನ ಬದಿ ಚೂಪಾಗಿಯೇ ಇದ್ದು ಈ ಬದಿ ಉಬ್ಬಿದ್ದರೆ ಬೆಸುಗೆಯೋ ಅಂಟಿದ ಲೋಹವೋ ಇರಬಹುದು ಎಂದು ಅನುಮಾನಿಸಿ.

ಡೈ ದೋಷಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಡ್. ಒಂದೇ ಡೈ ಮೊದಲು ಸಣ್ಣ ಬಿರುಕು, ಆಮೇಲೆ ದೊಡ್ಡ ಬಿರುಕು, ಕೊನೆಗೆ ಕಡ್ ಆದ ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಒಂದು ಉಕ್ಕಿನ ಅಚ್ಚು ಸಾಯುವುದನ್ನು ಹಂತ ಹಂತವಾಗಿ ನೋಡಬಹುದು. ಅಂಥ ಸಾಲು ಕೂಡಿಸಲು ತಾಳ್ಮೆ ಬೇಕು, ದುಡ್ಡು ಅಷ್ಟೇನೂ ಬೇಡ.

ಅಂಚಿನಲ್ಲಿ ಅರ್ಧಚಂದ್ರದ ಆಕಾರದಲ್ಲಿ ತುಂಡಾಗಿದೆ. ಯಾರಾದರೂ ಕತ್ತರಿಸಿದರೋ, ಕ್ಲಿಪ್ ಎರರೋ?

ಪಟ್ಟಿ ಸರಿಯಾಗಿ ಮುಂದೆ ಸರಿಯದೆ ಇದ್ದರೆ, ಈಗಾಗಲೇ ಬಿಲ್ಲೆ ತೆಗೆದ ತೂತಿನ ಮೇಲೇ ಮತ್ತೆ ಕತ್ತರಿ ಬೀಳುತ್ತದೆ. ಆಗ ಸಿಗುವ ಬಿಲ್ಲೆಯಲ್ಲಿ ಒಳಕ್ಕೆ ಬಾಗಿದ ಒಂದು ತುಂಡು ಇರುವುದಿಲ್ಲ. ಪಟ್ಟಿಯ ತುದಿಯಲ್ಲಿ ಕತ್ತರಿ ಬಿದ್ದರೆ ನೇರ ಕ್ಲಿಪ್ ಆಗುತ್ತದೆ.

ನಕಲಿ ಕ್ಲಿಪ್ ಮಾಡುವುದು ಅರ ಇದ್ದವರಿಗೆ ಕಷ್ಟವೇನಲ್ಲ. ಅದಕ್ಕೇ ಮೂರು ಕಡೆ ನೋಡಬೇಕು.

ಮೊದಲನೆಯದು, ಕ್ಲಿಪ್‌ಗೆ ನೇರ ಎದುರಿನ ಅಂಚು. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಹಿಡಿದು ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ನಿಜವಾದ ಕ್ಲಿಪ್ ನಾಣ್ಯದಲ್ಲಿ ಎದುರಿನ ಅಂಚು ಸಪ್ಪೆಯಾಗಿ, ಕೆಲವೊಮ್ಮೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳುವಾಗಿ ಇರುತ್ತದೆ. ಇದನ್ನು ಬ್ಲೇಕ್‌ಸ್ಲಿ ಪರಿಣಾಮ ಅನ್ನುತ್ತಾರೆ. ಅರ ಹಿಡಿದು ಕೂತವನಿಗೆ ಇದನ್ನು ಮಾಡಲು ಬರುವುದಿಲ್ಲ, ಯಾಕೆಂದರೆ ಅವನ ಕೈಗೆ ನಾಣ್ಯ ಬರುವ ಹೊತ್ತಿಗೆ ಅಂಚು ಎದ್ದಾಗಿರುತ್ತದೆ. ಎಲ್ಲ ನಿಜವಾದ ಕ್ಲಿಪ್‌ಗಳಲ್ಲೂ ಇದು ಎದ್ದು ಕಾಣಲೇಬೇಕೆಂದಿಲ್ಲ, ಆದರೆ ಕಂಡರೆ ಬಲವಾದ ಸಾಕ್ಷಿ.

ಎರಡನೆಯದು, ಕ್ಲಿಪ್ ಪಕ್ಕದ ಅಕ್ಷರಗಳು. ಒತ್ತುವಾಗ ಲೋಹ ಖಾಲಿ ಜಾಗದ ಕಡೆಗೆ ಹರಿದಿರುತ್ತದೆ. ಅಕ್ಷರಗಳು ಆ ಕಡೆಗೆ ಸ್ವಲ್ಪ ಎಳೆದು, ಮೆತ್ತಗಾಗಿ ಮುಗಿಯುತ್ತವೆ. ಕತ್ತರಿಸಿದ ನಾಣ್ಯದಲ್ಲಿ ಚೂಪಾದ ಅಕ್ಷರ ಕಚಕ್ಕನೆ ಅರ್ಧಕ್ಕೆ ನಿಲ್ಲುತ್ತದೆ.

ಮೂರನೆಯದು, ತುಂಡಾದ ಮೈ. ಅರದ ಗೆರೆ, ಗರಗಸದ ಗುರುತು, ಬೇರೆ ಅಂಚಿಗಿಂತ ಹೊಸದಾದ ಹೊಳಪು ಕಂಡರೆ ಅಲ್ಲಿಗೆ ಬಿಟ್ಟುಬಿಡಿ.

ತೂಕ ಕಡಿಮೆ ಇರುವುದು ಎರಡರಲ್ಲೂ ಒಂದೇ, ಅದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಚಿತ್ರ ಪಕ್ಕಕ್ಕೆ ಜಾರಿದೆ. ಆಫ್ ಸೆಂಟರ್ ತಾನೇ?

ಚಿತ್ರದ ಒಂದು ಭಾಗವೇ ನಾಣ್ಯದ ಹೊರಗೆ ಹೋಗಿ, ಎದುರು ಕಡೆ ಖಾಲಿ ಬಿಲ್ಲೆ ಕಾಣುತ್ತಿದ್ದರೆ ಆಫ್ ಸೆಂಟರ್. ಎರಡೂ ಬದಿಯಲ್ಲಿ ಜಾರಿರಬೇಕು. ಬಿಲ್ಲೆ ಕಾಲರ್‌ನಲ್ಲಿ ಸರಿಯಾಗಿ ಕೂರದಿದ್ದಾಗ ಹೀಗಾಗುತ್ತದೆ, ನಾಣ್ಯದ ದುಂಡೂ ಕೆಟ್ಟಿರುತ್ತದೆ. ಒಂದು ಕಡೆ ಅಂಚು ಸ್ವಲ್ಪ ದಪ್ಪ, ಎದುರು ಕಡೆ ಸಣ್ಣ, ಅಷ್ಟೇ ಆದರೆ ಡೈ ಕೊಂಚ ಸರಿದಿದೆ ಎಂದು ಅರ್ಥ. ಅಂಥವು ಬೇಕಾದಷ್ಟು ಸಿಗುತ್ತವೆ.

ಸಂಗ್ರಹಗಾರರು ಅರ್ಧ ಚಿತ್ರ ಹೋದರೂ ಇಸವಿ ಮತ್ತು ಟಂಕಸಾಲೆ ಗುರುತು (ಯಾವ ಟಂಕಸಾಲೆಯದು ಎಂದು ತೋರಿಸುವ ಚಿಹ್ನೆ) ಉಳಿದಿರುವ ನಾಣ್ಯವನ್ನು ಹುಡುಕುತ್ತಾರೆ. ಹಳೇ ಅಲ್ಯೂಮಿನಿಯಂ ಪೈಸೆಗಳಲ್ಲಿ ಇಂಥವು ನೋಡಲು ಸಿಗುತ್ತವೆ. ಚೌಕದ 5 ಪೈಸೆ, ಆರು ಮೂಲೆಯ 20 ಪೈಸೆ ಜಾರಿ ಬಿದ್ದರೆ ಕಾಣುವ ಆಕಾರವೇ ಬೇರೆ ಚೆಂದ.

ಚಿತ್ರ ನಡುವೆಯೇ ಇದೆ, ಆದರೆ ನಾಣ್ಯ ಮಾಮೂಲಿಗಿಂತ ಅಗಲವಾಗಿದೆ.

ಕಾಲರ್ ಕೆಲಸ ಮಾಡದೆ ಲೋಹ ಸುತ್ತಲೂ ಹರಡಿದ್ದರೆ ಅದು ಬ್ರಾಡ್‌ಸ್ಟ್ರೈಕ್. ಅಂಚಿನಲ್ಲಿ ಗೆರೆ ಇರುವುದಿಲ್ಲ, ಆದರೆ ಅಕ್ಷರಗಳು ಚೂಪಾಗಿ ಇರುತ್ತವೆ. ಸುತ್ತಿಗೆಯಲ್ಲಿ ಬಡಿದ ಅಥವಾ ರೈಲು ಹಳಿ ಮೇಲೆ ಇಟ್ಟ ನಾಣ್ಯವೂ ಅಗಲ ಆಗುತ್ತದೆ, ಆದರೆ ಅಕ್ಷರ ಚಪ್ಪಟೆ ಆಗಿರುತ್ತದೆ. ಬೇರೆ ಏನೂ ನೋಡಬೇಕಿಲ್ಲ.

ಅಕ್ಷರ ಎರಡೆರಡು ಸಲ ಬಿದ್ದಂತಿದೆ. ಡಬಲ್ ಡೈ ಅಲ್ವಾ?

ಹತ್ತರಲ್ಲಿ ಒಂಬತ್ತು ಅಲ್ಲ ಎಂದೇ ಹೇಳಬೇಕು. ಡೈ ಒತ್ತಿದ ಮೇಲೆ ಸ್ವಲ್ಪ ಅಲುಗಾಡಿದರೆ ಅಕ್ಷರದ ಪಕ್ಕ ಉಜ್ಜಿಹೋಗಿ, ಕೆಳಗೆ ಚಪ್ಪಟೆ ಮೆಟ್ಟಿಲು ಉಳಿಯುತ್ತದೆ. ಇದನ್ನು ಮೆಷಿನ್ ಡಬ್ಲಿಂಗ್ ಅನ್ನುತ್ತಾರೆ. ಮೂಲ ಅಕ್ಷರದಿಂದಲೇ ಒಂದಷ್ಟು ಕಿತ್ತುಕೊಂಡಿರುವುದರಿಂದ ಅಕ್ಷರ ಮೊದಲಿಗಿಂತ ಸಣಕಲಾಗಿರುತ್ತದೆ. ಇದಕ್ಕೆ ಬೆಲೆ ಇಲ್ಲ.

ನಿಜವಾದ ಡಬಲ್ ಡೈನಲ್ಲಿ ತಪ್ಪು ಆಗಿರುವುದು ಡೈ ತಯಾರಿಸುವಾಗಲೇ. ಡೈನಲ್ಲೇ ಎರಡು ಚಿತ್ರ ಕೂತಿರುತ್ತವೆ. ನಾಣ್ಯದಲ್ಲಿ ಎರಡೂ ಅಕ್ಷರ ದುಂಡಗೆ ಎದ್ದಿರುತ್ತವೆ, ಅಕ್ಷರ ಒಟ್ಟಾರೆ ದಪ್ಪ ಆಗಿರುತ್ತದೆ, ಮೂಲೆಗಳಲ್ಲಿ ಸೀಳು ಕಾಣುತ್ತದೆ. ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ. ಅದರ ಇಸವಿ, ಅಕ್ಷರ ಎರಡಾಗಿರುವುದು ಬರಿಗಣ್ಣಿಗೂ ಕಾಣುತ್ತದೆ.

ಸಿಂಹ ನೇರ ಇದೆ, ಮಗುಚಿದರೆ ಅಂಕಿ ತಲೆಕೆಳಗು. ಇದು ಎರರಾ?

ಈಗಿನ ನಮ್ಮ ನಾಣ್ಯಗಳನ್ನು ಸಿಂಹದ ಬದಿ ನೇರ ಹಿಡಿದು, ಮೇಲಿನ-ಕೆಳಗಿನ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು ಪಕ್ಕಕ್ಕೆ ಮಗುಚಿದರೆ ಅಂಕಿಯೂ ನೇರ ಬರಬೇಕು. ಮೇಲಿನಿಂದ ಕೆಳಕ್ಕೆ ಮಗುಚಿದರೆ ತಲೆಕೆಳಗಾಗಿಯೇ ಕಾಣುತ್ತದೆ, ಅದು ಸಹಜ. ಸರಿಯಾಗಿ ಮಗುಚಿದರೂ ಅಂಕಿ ಓರೆ ಇದ್ದರೆ ಡೈ ತಿರುಗಿದೆ. ಐದು ಹತ್ತು ಡಿಗ್ರಿ ಓರೆ ಸಾಮಾನ್ಯ. 90 ಡಿಗ್ರಿ ದಾಟಿದರೆ ಎತ್ತಿಡಿ. ಪೂರ್ತಿ 180 ಇದ್ದರೆ ಇನ್ನೂ ಒಳ್ಳೆಯದು. ಲೂಪ್ ಕೂಡ ಬೇಡದ, ಮಕ್ಕಳೂ ಹುಡುಕಬಹುದಾದ ಎರರ್ ಇದು. ಇದರಲ್ಲಿ ಮೋಸ ಮಾಡುವುದೂ ಕಷ್ಟ. ಹತ್ತು ರೂಪಾಯಿಯಂಥ ಎರಡು ಲೋಹದ ನಾಣ್ಯದಲ್ಲಿ ಮಾತ್ರ ಹುಷಾರು, ಅದಕ್ಕೆ ಮುಂದೆ ಬರುತ್ತೇನೆ.

ಒಂದು ಬದಿಯಲ್ಲಿ ಚಿತ್ರ ತಗ್ಗಾಗಿ, ಕನ್ನಡಿ ಬಿಂಬದಂತೆ ಬಂದಿದೆ.

ಸಿಕ್ಕಿದ್ದು ನಿಜವಾದರೆ ಒಳ್ಳೆಯ ನಾಣ್ಯ. ಹೆಸರು ಬ್ರಾಕೇಜ್. ಮುಂಚೆ ಒತ್ತಿದ ನಾಣ್ಯ ಆಚೆ ಬೀಳದೆ ಒಂದು ಡೈಗೆ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ತನ್ನದೇ ಮುದ್ರೆ ಒತ್ತಿರುತ್ತದೆ. ಹಾಗಾಗಿ ಒಂದು ಬದಿ ಮಾಮೂಲಿ, ಇನ್ನೊಂದು ಬದಿ ಅದೇ ಚಿತ್ರದ ತಗ್ಗಾದ ಪ್ರತಿಬಿಂಬ.

ಮೋಸ ನಡೆಯುವುದೂ ಇದರಲ್ಲೇ ಜಾಸ್ತಿ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸ್‌ನಲ್ಲಿ ಬಿಗಿದರೆ ಒಂದರ ಗುರುತು ಇನ್ನೊಂದರ ಮೇಲೆ ಬೀಳುತ್ತದೆ. ಅಂಥ ನಾಣ್ಯದಲ್ಲಿ ಹೊಸ ಗುರುತಿನ ಕೆಳಗೆ ಹಳೇ ಚಿತ್ರ ಇನ್ನೂ ಇಣುಕುತ್ತದೆ, ಬೆನ್ನಿನ ಬದಿಯ ಎತ್ತರದ ಭಾಗಗಳು ಚಪ್ಪಟೆ ಆಗಿರುತ್ತವೆ. ನಿಜವಾದ ಬ್ರಾಕೇಜ್‌ನಲ್ಲಿ ಬೆನ್ನಿನ ಬದಿಗೆ ಡೈ ಪೂರ್ತಿ ಬಲದಿಂದ ಬಿದ್ದಿರುತ್ತದೆ, ಚೂಪಾಗಿರುತ್ತದೆ.

ಇದಕ್ಕೂ ಡೈ ಕ್ಲ್ಯಾಶ್‌ಗೂ ಗೊಂದಲ ಮಾಡಿಕೊಳ್ಳಬೇಡಿ. ನಡುವೆ ಬಿಲ್ಲೆ ಇಲ್ಲದೆ ಎರಡು ಡೈಗಳು ಒಂದಕ್ಕೊಂದು ಬಡಿದರೆ, ಒಂದರ ಚಿತ್ರದ ಅಂಚು ಇನ್ನೊಂದರ ಮೇಲೆ ಉಳಿಯುತ್ತದೆ. ಆಮೇಲೆ ಒತ್ತಿದ ನಾಣ್ಯಗಳಲ್ಲಿ ಸಿಂಹದ ಸುತ್ತ ಅಂಕಿಯ ಮಸುಕು ಗೆರೆ ಕಾಣುತ್ತದೆ. ಮೂಲ ಚಿತ್ರ ಪೂರ್ತಿ ಇರುತ್ತದೆ.

ಒಂದು ಅಕ್ಷರವೇ ಇಲ್ಲ!

ಡೈನ ತಗ್ಗಿನಲ್ಲಿ ಗ್ರೀಸ್, ಲೋಹದ ಪುಡಿ ತುಂಬಿಕೊಂಡರೆ ಅಕ್ಷರ ಮೂಡುವುದಿಲ್ಲ. ನಿಜವಾದ ಎರರ್, ಆದರೆ ಬಹಳ ಸಾಮಾನ್ಯ. ಅಕ್ಷರ ಇದ್ದ ಜಾಗ ನುಣುಪಾಗಿ, ಸುತ್ತಲಿನ ಮೈಯಂತೆಯೇ ಇರಬೇಕು. ಕೆರೆದ ಗುರುತು ಇದ್ದರೆ ಯಾರೋ ತೆಗೆದದ್ದು.

ಇಸವಿಯ ಕೆಳಗೆ ಯಾವ ಗುರುತೂ ಇಲ್ಲ. ಟಂಕಸಾಲೆ ಗುರುತು ಹಾಕಲು ಮರೆತರೇ?

ಇಲ್ಲ, ಅದು ಕೋಲ್ಕತ್ತದ್ದು. ಈಗ ನಮ್ಮಲ್ಲಿ ಟಂಕಸಾಲೆ ಇರುವುದು ನಾಲ್ಕು ಕಡೆ: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಮುಂಬೈ ನಾಣ್ಯಕ್ಕೆ ಇಸವಿ ಕೆಳಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, 1988ರಲ್ಲಿ ಶುರುವಾದ ನೋಯ್ಡಾಕ್ಕೆ ದುಂಡನೆಯ ಚುಕ್ಕಿ. ಕೋಲ್ಕತ್ತಕ್ಕೆ ಗುರುತೇ ಇಲ್ಲ. ಹಳೆಯ ನಾಣ್ಯಗಳಲ್ಲಿ ಹೈದರಾಬಾದಿಗೆ ಸೀಳಿದ ವಜ್ರ, ಒಳಗೆ ಚುಕ್ಕಿ ಇರುವ ವಜ್ರವೂ ಸಿಗುತ್ತವೆ. ಬೇರೆ ವಿಚಿತ್ರ ಗುರುತು ಕಂಡರೂ ಗಾಬರಿ ಬೇಡ. ಕೆಲವು ವರ್ಷ ಕೊರಿಯಾ, ಮೆಕ್ಸಿಕೊ, ಸ್ಲೊವಾಕಿಯಾ ಮುಂತಾದ ಕಡೆ ನಮ್ಮ ನಾಣ್ಯಗಳನ್ನು ಮಾಡಿಸಿ ತರಿಸಿದ್ದರು, ಅವುಗಳ ಗುರುತು ಬೇರೆ.

ಕರ್ನಾಟಕದಲ್ಲಿ ಈಗ ಟಂಕಸಾಲೆ ಇಲ್ಲ. ಮೈಸೂರಿನಲ್ಲಿ ಇರುವುದು ನೋಟು ಮುದ್ರಿಸುವ ಪ್ರೆಸ್.

ಹತ್ತು ರೂಪಾಯಿ ನಾಣ್ಯದಲ್ಲಿ ಒಂದರಲ್ಲಿ 10 ಗೆರೆ, ಇನ್ನೊಂದರಲ್ಲಿ 15 ಗೆರೆ. ಯಾವುದು ತಪ್ಪು?

ಯಾವುದೂ ಅಲ್ಲ. 15 ಗೆರೆಯದು ರೂಪಾಯಿ ಚಿಹ್ನೆ ಬರುವುದಕ್ಕೂ ಮುಂಚಿನದು, 10 ಗೆರೆಯದು ಬಂದ ಮೇಲಿನದು, ಅಷ್ಟೇ ವ್ಯತ್ಯಾಸ. ಈ ಗೊಂದಲದಿಂದ ಅಂಗಡಿಯವರು ಹತ್ತರ ನಾಣ್ಯ ತೆಗೆದುಕೊಳ್ಳದೆ ಎಷ್ಟು ಜನಕ್ಕೆ ತೊಂದರೆ ಆಗಿದೆ! 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟವಾಗಿ ಹೇಳಿತು. ಯಾರಾದರೂ ಬೇಡ ಅಂದರೆ ದಯವಿಟ್ಟು ಇದನ್ನು ಹೇಳಿ.

ಹಾಗೇ ಬೆರಳು ತೋರಿಸುವ 1, 2 ರೂಪಾಯಿ, ನಡುವೆ ಅಡ್ಡ ಗೆರೆ ಕೂಡಿದ 2 ರೂಪಾಯಿ, 2012ರ ವೈಷ್ಣೋದೇವಿ ನಾಣ್ಯ, ಇವೆಲ್ಲ ವಿನ್ಯಾಸಗಳು. ಎರರ್ ಅಲ್ಲ.

ಹತ್ತು ರೂಪಾಯಿಯ ನಡುವಿನ ಭಾಗವೇ ಇಲ್ಲ, ಬರೀ ಉಂಗುರ. ಇದಕ್ಕೆ ತುಂಬಾ ಬೆಲೆಯಂತೆ?

ನೂರಕ್ಕೆ ನೂರು ಅನುಮಾನದಿಂದಲೇ ನೋಡಿ. ಉಂಗುರ ಮತ್ತು ನಡುವಿನ ಬಿಲ್ಲೆ ಬೇರೆ ಬೇರೆ ತಯಾರಾಗುತ್ತವೆ. ಪ್ರೆಸ್ಸಿನ ಒತ್ತಡದಲ್ಲೇ ಎರಡೂ ಕಚ್ಚಿಕೊಳ್ಳುತ್ತವೆ. ಬಿಲ್ಲೆ ಇಲ್ಲದೆ ಉಂಗುರ ಮಾತ್ರ ಪ್ರೆಸ್ಸಿಗೆ ಹೋದರೆ, ಅದರ ಲೋಹ ಒಳಗಿನ ಖಾಲಿ ಜಾಗಕ್ಕೆ ಹರಿಯುತ್ತದೆ. ತೂತಿನ ಒಳಗೋಡೆ ಉಬ್ಬಿ, ಅಂದಗೆಟ್ಟಿರುತ್ತದೆ. ಒಳಗೋಡೆ ನೇರವಾಗಿದ್ದು, ಅದರಲ್ಲಿ ಬಿಲ್ಲೆ ಕಚ್ಚಿಕೊಂಡಿದ್ದ ಗುರುತು ಇದ್ದರೆ, ನಾಣ್ಯ ಪೂರ್ತಿ ತಯಾರಾದ ಮೇಲೆ ಬಡಿದು ತೆಗೆದಿದ್ದಾರೆ ಎಂದೇ ಅರ್ಥ.

ಬಡಿದು ತೆಗೆದು, ತಿರುಗಿಸಿ ಮತ್ತೆ ಕೂರಿಸಿ "ತಲೆಕೆಳಗಾದ ಎರರ್" ಎಂದು ಮಾರುವವರೂ ಇದ್ದಾರೆ. ನಡುವಿನ ಭಾಗ ಮಾತ್ರ ತಿರುಗಿದ್ದು ಉಂಗುರದ ಅಕ್ಷರ ಸರಿಯಾಗಿದ್ದರೆ ಅದು ಟಂಕಸಾಲೆಯಲ್ಲಿ ಆಗುವ ಕೆಲಸವೇ ಅಲ್ಲ, ಯಾಕೆಂದರೆ ಒಂದೇ ಡೈ ಎರಡರ ಮೇಲೂ ಒಂದೇ ಸಲ ಬೀಳುತ್ತದೆ. ಬಿಲ್ಲೆ ನಡುವಿನಿಂದ ಸರಿದು, ಅಂಡಾಕಾರವಾಗಿ ಚೆಲ್ಲಿ, ಚಿತ್ರ ಮಾತ್ರ ಎರಡರ ಮೇಲೂ ಮುರಿಯದೆ ಸಾಗಿದ್ದರೆ ಅದು ನಿಜವಾದದ್ದು.

ಬೆಳ್ಳಗಿನ 5 ರೂಪಾಯಿ, ತಾಮ್ರದ ಬಣ್ಣದ 1 ರೂಪಾಯಿ ಸಿಕ್ಕಿದೆ. ತಪ್ಪು ಲೋಹದಲ್ಲಿ ಒತ್ತಿದ್ದಾರಾ?

ಮೊದಲು ಇಸವಿ ನೋಡಿ. 2007ರ ಸುಮಾರಿಗೆ ಬಂದ ತೆಳ್ಳನೆಯ 5 ರೂಪಾಯಿ ಸ್ಟೀಲಿನದೇ. ಅದಕ್ಕೂ ಮುಂಚಿನ ದಪ್ಪನೆಯ 9 ಗ್ರಾಮಿನ ನಾಣ್ಯ ತಾಮ್ರ-ನಿಕ್ಕಲ್, ಅದೂ ಬೆಳ್ಳಗೇ. ಹಳದಿ ಬಣ್ಣದ್ದು ಬಂದದ್ದು 2009ರಿಂದ. ಆಮೇಲೆ ಅಯಸ್ಕಾಂತ ಹಿಡಿಯಿರಿ: ಸ್ಟೀಲಿನದು ಅಂಟುತ್ತದೆ, ಉಳಿದವು ಅಂಟುವುದಿಲ್ಲ. ಆಮೇಲೆ ತೂಕ. 2011ರಲ್ಲಿ ಬಂದ ಸರಣಿಯ 1 ರೂಪಾಯಿ 3.79 ಗ್ರಾಂ, 2 ರೂಪಾಯಿ 4.85, 5 ರೂಪಾಯಿ 6 ಗ್ರಾಂ. ಐದರ ಚಿತ್ರ ಇರುವ ನಾಣ್ಯ 3.79 ಗ್ರಾಂ ತೂಗಿ ಅಯಸ್ಕಾಂತಕ್ಕೆ ಅಂಟಿದರೆ, ಅಂಚಿನ ಚಿತ್ರ ಪೂರ್ತಿ ಕೂರದಿದ್ದರೆ, ಆಗ ತಿಳಿದವರಿಗೆ ತೋರಿಸಿ.

ತಾಮ್ರದ, ಚಿನ್ನದ ಬಣ್ಣದ 1 ರೂಪಾಯಿಗೆ ಯಾರೋ ಲೇಪ ಹಾಕಿಸಿರುತ್ತಾರೆ. ಕಪ್ಪಾದದ್ದು ಬೆಂಕಿಗೋ ರಾಸಾಯನಿಕಕ್ಕೋ ಸಿಕ್ಕಿದ್ದು.

ಟಿಪ್ಪು ಕಾಲದ ಕಾಸಿನಲ್ಲಿ ಆನೆಯ ಅರ್ಧವೇ ಇದೆ. ಇದೂ ಎರರಾ?

ಅಲ್ಲ. ಆ ಕಾಸುಗಳನ್ನು ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಬಿಲ್ಲೆ ಒಂದು ಅಳತೆ, ಅಚ್ಚು ಒಂದು ಅಳತೆ. ಪಕ್ಕಕ್ಕೆ ಜಾರುವುದು ಮಾಮೂಲಿ. ಆನೆ ಪೂರ್ತಿ ಕಾಣುವ ಕಾಸಿಗೇ ಬೆಲೆ ಜಾಸ್ತಿ. ಅಂದಹಾಗೆ ಟಿಪ್ಪುವಿನ ತಾಮ್ರದ ನಾಣ್ಯ ಅಚ್ಚಾಗುತ್ತಿದ್ದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು.

ಬ್ರಿಟಿಷರ ಕಾಲದ 1862ರ ರೂಪಾಯಿಯಲ್ಲಿ ಚುಕ್ಕಿಗಳು ಕಂಡರೂ ಡೈ ದೋಷ ಎಂದುಕೊಳ್ಳಬೇಡಿ. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಸವಿ ಬದಲಿಸದೆ ಅದೇ ನಾಣ್ಯ ಒತ್ತಿದರು. ಯಾವ ವರ್ಷದ್ದು ಎಂದು ಗೊತ್ತಾಗಲು ಚುಕ್ಕಿ ಸೇರಿಸುತ್ತಿದ್ದರು, ಬೇಕೆಂದೇ.

1911ರ ಐದನೇ ಜಾರ್ಜ್ ರೂಪಾಯಿಯದು ಇನ್ನೊಂದು ಥರ. ರಾಜನ ಉಡುಪಿನ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಸಿಟ್ಟಾದರು. ನಾಣ್ಯ ಹಿಂದಕ್ಕೆ ಪಡೆದು, 1912ರಲ್ಲಿ ಸೊಂಡಿಲು ಸ್ಪಷ್ಟವಾಗಿ ಕಾಣುವ ಹಾಗೆ ತಿದ್ದಿದರು. ಟಂಕಸಾಲೆ ಇಲ್ಲಿ ಏನೂ ತಪ್ಪು ಮಾಡಲಿಲ್ಲ, ಕೊಟ್ಟ ಚಿತ್ರವನ್ನು ಸರಿಯಾಗಿಯೇ ಒತ್ತಿತು. ಆದ್ದರಿಂದ ಅದನ್ನು ಎರರ್ ಪಟ್ಟಿಗೆ ಸೇರಿಸುವುದು ನನಗೆ ಒಪ್ಪಿಗೆ ಇಲ್ಲ.

ಶುರು ಮಾಡಲು ಏನೇನು ಬೇಕು? ಬೆಂಗಳೂರಲ್ಲಿ ಎಲ್ಲಿ ಸಿಗುತ್ತದೆ?

ಹತ್ತು ಪಟ್ಟಿನ ಲೂಪ್, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ, ಅಳತೆಗೆ ಕ್ಯಾಲಿಪರ್, ಒಂದು ಅಯಸ್ಕಾಂತ. ನಗರ್ತಪೇಟೆ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಲೂಪ್, ತಕ್ಕಡಿ ಕೇಳಿ. ಯುಎಸ್‌ಬಿ ಮೈಕ್ರೋಸ್ಕೋಪ್ ಬೇಕೆಂದರೆ ಎಸ್‌ಪಿ ರೋಡ್. ಮೊದಲ ದಿನವೇ ಅದು ಬೇಡ. ತುಂಬಾ ದೊಡ್ಡದು ಮಾಡಿ ನೋಡಿದರೆ ಪ್ರತಿ ನಾಣ್ಯವೂ ಎರರ್ ಆಗಿಯೇ ಕಾಣುತ್ತದೆ.

ನಾಣ್ಯ ಹುಡುಕಲು ಚಿಲ್ಲರೆ ಸಾಕು. ತರಕಾರಿ ಅಂಗಡಿಯವರ, ಹೂವಿನವರ ಹತ್ತಿರ ನೋಟು ಕೊಟ್ಟು ನಾಣ್ಯ ಕೇಳಿ, ಖುಷಿಯಿಂದ ಕೊಡುತ್ತಾರೆ. ನಾಣ್ಯ ಪ್ರದರ್ಶನ ನಡೆದಾಗ ಹೋಗಿ ನಿಜವಾದ ಎರರ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ. ಫೋಟೋ ನೋಡಿ ಕಲಿಯುವುದಕ್ಕಿಂತ ಅದು ಎಷ್ಟೋ ಮೇಲು.

ಹುಣಸೆಹಣ್ಣು ಹಾಕಿ ತೊಳೆಯಲಾ?

ದಯವಿಟ್ಟು ಬೇಡ. ಹುಣಸೆಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಉಜ್ಜಿದರೆ ಎರರ್ ಸಾಬೀತು ಮಾಡುವ ಸಣ್ಣ ಗುರುತುಗಳೇ ಹೋಗುತ್ತವೆ. ಮಣ್ಣು ಅಂಟಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಒರೆಸದೆ ಮೆತ್ತನೆ ಬಟ್ಟೆ ಮೇಲೆ ಒಣಗಲು ಬಿಡಿ. ಪಿವಿಸಿ ಹಾಳೆಯ ಆಲ್ಬಮ್‌ನಲ್ಲೂ ಇಡಬೇಡಿ, ಕಾಲ ಕಳೆದಂತೆ ಹಸಿರು ಜಿಡ್ಡು ಬಿಡುತ್ತದೆ.

ಫೇಸ್‌ಬುಕ್‌ನಲ್ಲಿ ಹಳೇ 2 ರೂಪಾಯಿಗೆ 5 ಲಕ್ಷ ಕೊಡುತ್ತೇವೆ ಅಂತಾರೆ. ಮಾರಲಾ?

ಇದಕ್ಕೆ ಮಾತ್ರ ಜೋರಾಗಿ ಹೇಳುತ್ತೇನೆ: ಒಂದು ಪೈಸೆಯೂ ಕಳಿಸಬೇಡಿ. ಮೊದಲು ನಿಮ್ಮ ನಾಣ್ಯ ಹೊಗಳುತ್ತಾರೆ, ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ಬಳಸಿಯೂ ಇದು ನಡೆದಿದೆ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಮನೆಯಲ್ಲಿ ಹಿರಿಯರಿಗೆ ಇದನ್ನು ಕೂರಿಸಿಕೊಂಡು ಹೇಳಿ. ಅವರೇ ಹೆಚ್ಚು ಸಿಕ್ಕಿಬೀಳುವುದು.

ನಿಜವಾದ ಬೆಲೆ ಎರರ್ ಎಷ್ಟು ದೊಡ್ಡದು, ಎಷ್ಟು ಅಪರೂಪ, ನಾಣ್ಯದ ಸ್ಥಿತಿ ಹೇಗಿದೆ, ಕೊಳ್ಳುವವರು ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ. ಸಣ್ಣ ಬಿರುಕು, ತುಂಬಿದ ಅಕ್ಷರ ಇರುವ ನಾಣ್ಯಕ್ಕೆ ಮುಖಬೆಲೆಗಿಂತ ಜಾಸ್ತಿ ನಿರೀಕ್ಷೆ ಬೇಡ. ಇದೇ ಥರದ ನಾಣ್ಯ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡಿ. ಮಾರುವವರು ಬರೆದುಕೊಂಡ ಬೆಲೆ ನೋಡಬೇಡಿ.

ಎರರ್ ನಾಣ್ಯ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ?

ಚಲಾವಣೆಯಲ್ಲಿ ಸಿಕ್ಕ ನಾಣ್ಯವನ್ನು ಸಂಗ್ರಹಿಸುವುದು ತಪ್ಪಲ್ಲ. ಆದರೆ 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದು, ಹಾಳು ಮಾಡುವುದು ಅಪರಾಧ. ನೂರು ವರ್ಷ ದಾಟಿದ ನಾಣ್ಯ ಇದ್ದರೆ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ ಎನ್ನುವುದೂ ನೆನಪಿರಲಿ.

ಯಾರಿಗಾದರೂ ತೋರಿಸಿ ಕೇಳುವಾಗ ಏನೇನು ಕಳಿಸಬೇಕು?

ಬರೀ ಒಂದು ಮಸುಕು ಫೋಟೋ ಕಳಿಸಿ "ಇದು ಎರರಾ ಸಾರ್?" ಅಂದರೆ ಯಾರಿಗೂ ಹೇಳಲು ಆಗುವುದಿಲ್ಲ. ಎರಡೂ ಬದಿಯ ಫೋಟೋ ಬೇಕು, ಅಂಚಿನದು ಬೇರೆ ಬೇಕು. ಅಂಚಿನ ಫೋಟೋ ಮರೆಯುವವರೇ ಜಾಸ್ತಿ, ಕ್ಲಿಪ್, ಬ್ರಾಡ್‌ಸ್ಟ್ರೈಕ್‌ಗಳಲ್ಲಿ ಉತ್ತರ ಇರುವುದು ಅಲ್ಲೇ. ಫ್ಲ್ಯಾಶ್ ಆರಿಸಿ, ಓರೆ ಬೆಳಕಿನಲ್ಲಿ ತೆಗೆಯಿರಿ. ಇಸವಿ, ಟಂಕಸಾಲೆ ಗುರುತು, ತೂಕ, ಅಡ್ಡಳತೆ, ಅಯಸ್ಕಾಂತಕ್ಕೆ ಅಂಟಿತೋ ಇಲ್ಲವೋ ಬರೆಯಿರಿ. ಅದೇ ಇಸವಿಯ, ಅದೇ ಟಂಕಸಾಲೆಯ ಸರಿಯಾದ ನಾಣ್ಯ ಒಂದನ್ನು ಪಕ್ಕಕ್ಕಿಟ್ಟು ಇನ್ನೊಂದು ಫೋಟೋ ತೆಗೆದರೆ ನೋಡುವವರ ಅರ್ಧ ಕೆಲಸ ಮುಗಿಯುತ್ತದೆ.